ಬಿಟ್ಟ ಕಾರಣ ಒಂದು, ವಾದಿಸುವ ಕಾರಣ ಇನ್ನೊಂದು

ಓದುಗರ ಪತ್ರ (ಸಂಕ್ಷಿಪ್ತ): ಕ್ರೈಸ್ತ ಮನೆಯಲ್ಲಿ ಬೆಳೆದ ನಾನು ಈಗ ದೇವರನ್ನು ನಂಬುವುದಿಲ್ಲ. ತಂಗಿ ಕಾಯಿಲೆಯಿಂದ ತೀರಿಕೊಂಡ ಮೇಲೆ ಪ್ರಾರ್ಥನೆ ನಿಂತುಹೋಯಿತು. ಅಂತರ್ಜಾಲದಲ್ಲಿ ವಿಶ್ವಾಸಿಗಳೊಂದಿಗೆ ವಾದಿಸುತ್ತಲೇ ಇದ್ದೇನೆ, ಒಬ್ಬರೂ ಕದಲುವುದಿಲ್ಲ. ಬೈಬಲ್ಲಿನ ವಿರೋಧಾಭಾಸಗಳ ಪಟ್ಟಿಯನ್ನು ಲಗತ್ತಿಸಿದ್ದೇನೆ, ಪ್ರಕಟಿಸಿ. ಇನ್ನೊಂದು ಪ್ರಶ್ನೆ: ಅಮ್ಮನ ಸಲುವಾಗಿ ಕ್ರಿಸ್‌ಮಸ್ಸಿಗೆ ಚರ್ಚಿಗೆ ಹೋಗುವುದು ಆತ್ಮವಂಚನೆಯೇ?

ಸಂಪಾದಕರ ಉತ್ತರ:

ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಅದು ತಪ್ಪೆಂದಲ್ಲ, ಬಹುಪಾಲು ಸರಿಯಾಗಿಯೇ ಇದೆ. ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದನು ಮತ್ತಾಯನ ಸುವಾರ್ತೆಯಲ್ಲಿ ಉರುಲು ಹಾಕಿಕೊಳ್ಳುತ್ತಾನೆ, ಅಪೊಸ್ತಲರ ಕೃತ್ಯಗಳಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆಯೊಡೆದು ಸಾಯುತ್ತಾನೆ. ಯೇಸುವಿನ ವಂಶಾವಳಿ ಮತ್ತಾಯನಲ್ಲಿ ಒಂದು, ಲೂಕನಲ್ಲಿ ಇನ್ನೊಂದು. ಮಾರ್ಕನ ಸುವಾರ್ತೆಯ ಕೊನೆಯ 12 ವಚನಗಳು ಬೈಬಲ್ಲಿನ 4ನೇ ಶತಮಾನದ ಸಿನೈಟಿಕಸ್, ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಇಲ್ಲವೇ ಇಲ್ಲ. ಆದರೆ ಇದನ್ನೆಲ್ಲ ಹುಡುಕಿ ತೆಗೆದವರು ಯಾರು? ವಂಶಾವಳಿಯ ಗಂಟನ್ನು ಬಿಡಿಸಲು 3ನೇ ಶತಮಾನದಲ್ಲೇ ಜೂಲಿಯಸ್ ಆಫ್ರಿಕಾನಸ್ ಎಂಬ ಕ್ರೈಸ್ತ ಲೇಖಕ ಕುಳಿತಿದ್ದ. ಸಿನೈಟಿಕಸ್ ಪ್ರತಿಯನ್ನು ಬೆಳಕಿಗೆ ತಂದ 19ನೇ ಶತಮಾನದ ಜರ್ಮನ್ ವಿದ್ವಾಂಸ ಟಿಶೆಂಡಾರ್ಫ್ ಅಪ್ಪಟ ವಿಶ್ವಾಸಿ. ಮಾರ್ಕನ ಆ ವಚನಗಳನ್ನು ಇಂದಿನ ಅನೇಕ ಬೈಬಲ್ ಆವೃತ್ತಿಗಳು ಅಡಿಟಿಪ್ಪಣಿಯೊಂದಿಗೇ ಅಚ್ಚು ಮಾಡುತ್ತವೆ. ಅಡಿಟಿಪ್ಪಣಿಯಲ್ಲಿರುವುದನ್ನು ರಹಸ್ಯವೆಂಬಂತೆ ಬಯಲು ಮಾಡಲು ಹೊರಟರೆ ಎದುರಿನವರು ಏಕೆ ಕದಲಬೇಕು? ಅಕ್ಷರಕ್ಷರವೂ ದೋಷರಹಿತ ಎಂದು ಪಟ್ಟು ಹಿಡಿಯುವವರ ಮುಂದೆ ನಿಮ್ಮ ಪಟ್ಟಿಗೆ ಬಲವಿದೆ, ನಿಜ. ಹಾಗೆ ಪಟ್ಟು ಹಿಡಿಯದೆಯೂ ನಂಬುವವರು ಕೋಟಿಗಟ್ಟಲೆ ಇದ್ದಾರೆ.

ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಇಷ್ಟು ದೀರ್ಘ ಪತ್ರದಲ್ಲಿ ತಂಗಿಗೆ ನೀವು ಕೊಟ್ಟಿದ್ದು ಒಂದೇ ಸಾಲು. ನೀವು ನಂಬಿಕೆಯಿಂದ ಹೊರಬಂದದ್ದು ಆ ಸಾಲಿನ ಬಾಗಿಲಿನಿಂದ, ಪಟ್ಟಿ ಆಮೇಲೆ ಸೇರಿಕೊಂಡದ್ದು. ತಡವಾಗಿ ಬಂದ ಕಾರಣ ಸುಳ್ಳಾಗಬೇಕಿಲ್ಲ. ಆದರೆ ಅದು ನಿಮ್ಮನ್ನು ಎಲ್ಲಿಂದಲೂ ಕದಲಿಸಿದ್ದಲ್ಲ, ಇನ್ನೊಬ್ಬರನ್ನು ಹೇಗೆ ಕದಲಿಸೀತು? ಎದುರಿನವರೂ ಇದನ್ನೇ ಮಾಡುತ್ತಾರೆ, ಬಿಡಿ. ದೇವರಿದ್ದಾನೆಂದು ಸಾಧಿಸಲು ಮಧ್ಯಯುಗದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಮಂಡಿಸಿದ ಐದು ವಾದಗಳನ್ನು ಓದಿ ಮಂಡಿಯೂರಿದವರನ್ನು ನಾನಂತೂ ಕಂಡಿಲ್ಲ. ವಾದಕ್ಕೆ ಕುಳಿತೊಡನೆ ಮಾತ್ರ ಎಲ್ಲರಿಗೂ ಅವನೇ ಬೇಕು.

ನಿಮ್ಮದೇ ಆದ ಪ್ರಶ್ನೆ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯುರಸನ ಹೆಸರಿನಲ್ಲಿ ಬಂದಿರುವ ಹಳೆಯ ಪ್ರಶ್ನೆ: ಕೇಡನ್ನು ತಡೆಯಲು ದೇವರಿಗೆ ಮನಸ್ಸಿಲ್ಲವೋ, ಶಕ್ತಿಯಿಲ್ಲವೋ? 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ನಿನಲ್ಲಿ ಚರ್ಚುಗಳು ತುಂಬಿದ್ದ ಹೊತ್ತಿಗೇ ಭೂಕಂಪವಾದಾಗ ಯುರೋಪಿನ ಚಿಂತಕರನ್ನು ಕಾಡಿದ್ದೂ ಇದೇ. ಮನುಷ್ಯನ ಇಚ್ಛಾಸ್ವಾತಂತ್ರ್ಯದಿಂದ ಕೇಡು ಬಂತೆಂಬ ಸಮಾಧಾನ ಕೊಲೆಗೆ ಸಲ್ಲಬಹುದು. ಭೂಕಂಪಕ್ಕೆ, ಕಾಯಿಲೆಗೆ ಹೇಗೆ ಸಲ್ಲುತ್ತದೆ? ಸಂಕಟವು ಆತ್ಮವನ್ನು ಪಕ್ವಗೊಳಿಸುತ್ತದೆ ಎನ್ನುವವರಿದ್ದಾರೆ. ಉಳಿದವರು ಪಕ್ವವಾಗಲೆಂದು ಒಬ್ಬಳು ಸಾಯಬೇಕೆಂಬ ಆ ಲೆಕ್ಕಾಚಾರ ನನಗೆ ಅಸಹ್ಯ ಹುಟ್ಟಿಸುತ್ತದೆ. ಇಲ್ಲಿ ವಿಶ್ವಾಸಿಗೆ ಅಡಿಟಿಪ್ಪಣಿಯ ಆಸರೆಯಿಲ್ಲ. ಅವರ ಗ್ರಂಥದಲ್ಲೇ, ತಪ್ಪು ಮಾಡದೆಯೂ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನಿದ್ದಾನೆ. ಸಂತೈಸಲು ಬಂದು ತಪ್ಪನ್ನು ಅವನ ತಲೆಗೇ ಕಟ್ಟಿದ ಮೂವರು ಗೆಳೆಯರ ಮೇಲೆ ಕೊನೆಗೆ ದೇವರೇ ಸಿಟ್ಟಾಗುತ್ತಾನೆ. ಅದೇ ಗ್ರಂಥದ 88ನೇ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ. ಇವನ್ನು ಮುಂದಿಟ್ಟು ಮಾತನಾಡಿ. ಅವರು ನಂಬಿಕೆ ಬಿಡಲಿಕ್ಕಿಲ್ಲ, ಬಾಯಿಪಾಠದ ಉತ್ತರವನ್ನಾದರೂ ಬಿಟ್ಟಾರು.

ದೇವರಿದ್ದರೆ ನಂಬಿದವನಿಗೆ ಲಾಭ, ಇಲ್ಲದಿದ್ದರೂ ನಷ್ಟವಿಲ್ಲ, ಆದ್ದರಿಂದ ನಂಬುವುದೇ ಜಾಣತನ ಎಂಬ ಪಾಸ್ಕಲನ ಪಣವನ್ನು ಎಸೆಯುವವರಿಗೆ ಹೆಚ್ಚು ಹೊತ್ತು ಕೊಡಬೇಡಿ. ಯಾವ ಧರ್ಮದ ದೇವರ ಮೇಲೆ ಪಣ ಎಂದು ಕೇಳಿದರೆ ಸಾಕು.

ವಾದ ಹೇಗಿರಬೇಕೆಂದರೆ, 1948ರಲ್ಲಿ ಬಿಬಿಸಿ ರೇಡಿಯೋದಲ್ಲಿ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಮತ್ತು ಜೆಸ್ಯುಟ್ ಎಂಬ ಕ್ಯಾಥೋಲಿಕ್ ಸಂಘದ ಪಾದ್ರಿ ಫ್ರೆಡರಿಕ್ ಕೋಪಲ್‌ಸ್ಟನ್ ನಡೆಸಿದಂತೆ. ಯಾವ ದೇವರ ಕುರಿತು ಮಾತು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರು. ದೇವರಿಲ್ಲವೆಂದು ಸಾಧಿಸಬಹುದೆನ್ನುತ್ತೀರಾ ಎಂದಾಗ ರಸೆಲ್ ಹೆಚ್ಚುಗಾರಿಕೆ ತೋರದೆ ತಮ್ಮದು ಅಜ್ಞೇಯವಾದ, ಅಂದರೆ ದೇವರಿದ್ದಾನೋ ಇಲ್ಲವೋ ತಿಳಿಯದೆಂಬ ನಿಲುವು, ಎಂದುಬಿಟ್ಟರು. ಕೊನೆಗೂ ಇಬ್ಬರೂ ಇದ್ದಲ್ಲೇ ಇದ್ದರು. ಎಲ್ಲಿ ದಾರಿ ಕವಲೊಡೆಯುತ್ತದೆ ಎಂಬುದು ಕೇಳಿದವರಿಗೆ ತಿಳಿಯಿತು. ವಾದದಿಂದ ಅದಕ್ಕಿಂತ ಹೆಚ್ಚು ಬಯಸುವುದು ದುರಾಸೆ.

ಇನ್ನು ಅಮ್ಮನ ವಿಷಯ. 1842ರ ಜನವರಿಯಲ್ಲಿ ಇಂಗ್ಲೆಂಡಿನ ಮೇರಿ ಆ್ಯನ್ ಇವಾನ್ಸ್ ಎಂಬ 22ರ ಯುವತಿ ಇನ್ನು ಚರ್ಚಿಗೆ ಬರಲಾರೆನೆಂದು ತಂದೆಗೆ ಹೇಳಿದಳು. ತಂದೆ ಮನೆಯನ್ನೇ ಬಿಟ್ಟುಕೊಡಲು ಹೊರಟರು. ಕೆಲವು ತಿಂಗಳಲ್ಲಿ ರಾಜಿಯಾಯಿತು: ಚರ್ಚಿಗೆ ಬರಬೇಕು, ಅಲ್ಲಿ ಕುಳಿತು ಏನು ಯೋಚಿಸುವುದೆಂಬುದು ಅವಳಿಗೆ ಬಿಟ್ಟದ್ದು. ಯೇಸುವಿನ ಜೀವನಕಥೆಯನ್ನು ಇತಿಹಾಸದ ಒರೆಗೆ ಹಚ್ಚಿದ ಸ್ಟ್ರಾಸ್‌ನ ಜರ್ಮನ್ ಗ್ರಂಥವನ್ನು ಆಕೆ ಅನುವಾದಿಸಿ 1846ರಲ್ಲಿ ಹೊರತಂದಳು. 1849ರಲ್ಲಿ ತಂದೆ ತೀರಿಕೊಳ್ಳುವವರೆಗೆ ಅವರ ಶುಶ್ರೂಷೆ ಮಾಡಿದವಳೂ ಆಕೆಯೇ. ಮುಂದೆ ಜಾರ್ಜ್ ಎಲಿಯಟ್ ಎಂದು ಕಾದಂಬರಿ ಬರೆದ ಆಕೆಯನ್ನು ಆತ್ಮವಂಚಕಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹೋಗಿ, ಅಮ್ಮನ ಪಕ್ಕ ಕುಳಿತುಕೊಳ್ಳಿ, ಬರುವ ಹಾಡು ಹಾಡಿ. ಯೇಸುವಿನ ನೆನಪಿಗಾಗಿ ವಿಶ್ವಾಸಿಗಳಿಗೆ ಹಂಚುವ ಪ್ರಭುಭೋಜನದ ರೊಟ್ಟಿಯನ್ನು ಮಾತ್ರ ಸ್ವೀಕರಿಸಬೇಡಿ. ಅಯೋಗ್ಯವಾಗಿ ತಿನ್ನುವವರ ಬಗ್ಗೆ ಪೌಲನು ಕೊರಿಂಥದವರಿಗೆ ಬರೆದ ಎಚ್ಚರಿಕೆ ನಿಮಗೆ ಈಗ ಏನೂ ಅಲ್ಲದಿರಬಹುದು, ಸಾಲಿನಲ್ಲಿ ನಿಂತವರಿಗೆ ಹಾಗಲ್ಲ. ಅಮ್ಮ ಕಾರಣ ಕೇಳಿದರೆ ಸುತ್ತಿಬಳಸದೆ ಹೇಳಿ. ಬಹುಶಃ ಅವರಿಗೆ ಆಗಲೇ ಗೊತ್ತಿದೆ.

ತಂಗಿಯ ಬಗ್ಗೆ ಬರೆದು ಕಳುಹಿಸಿ: ಪಾದ್ರಿ ಏನೆಂದರು, ಬಂಧುಗಳು ಏನೆಂದರು, ಯಾವ ಮಾತು ಆಧಾರವಾಯಿತು, ಯಾವುದು ಚುಚ್ಚಿತು. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ತೆಗೆದಿರಿಸುತ್ತೇನೆ, ನಿಮ್ಮ ಹೆಸರು ಹಾಕುವುದಿಲ್ಲ. ಅದಕ್ಕೆ ವಿಶ್ವಾಸಿಯೊಬ್ಬರ ಪ್ರತಿಕ್ರಿಯೆಯನ್ನೂ ಬರೆಸುತ್ತೇನೆ. ಅವರಿಗೆ ಉತ್ತರಿಸುವ ಅವಕಾಶ ನಿಮಗಿರುತ್ತದೆ.