ರೀ-ಎಂಟ್ರಿ ಪರ್ಮಿಟ್ ಇಲ್ಲದೆ ವಿಮಾನ ಹತ್ತಬೇಡಿ

ಥಾಯ್ಲೆಂಡಿನಲ್ಲಿ ನಿವೃತ್ತಿಯ ಆಧಾರದ ಮೇಲೆ ವಾಸದ ಅವಧಿಗೆ ಒಂದು ವರ್ಷದ ವಿಸ್ತರಣೆ ಸಿಕ್ಕಿದೆ, ಮೂರು ವಾರ ಮೈಸೂರಿಗೆ ಹೋಗಿಬಂದರೆ ಅದು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ಸುಮ್ಮನೆ ಹೊರಟರೆ ಉಳಿಯುವುದಿಲ್ಲ. ಪಾಸ್‌ಪೋರ್ಟಿನ ಮುದ್ರೆಯಲ್ಲಿ ಇನ್ನೂ ಎಂಟು ತಿಂಗಳಿದ್ದರೂ ದೇಶ ಬಿಟ್ಟ ಕೂಡಲೇ ವಿಸ್ತರಣೆ ರದ್ದು.

ಹೊರಡುವ ಮೊದಲೇ ರೀ-ಎಂಟ್ರಿ ಪರ್ಮಿಟ್ (ವಿಸ್ತರಣೆ ಉಳಿಸಿಕೊಂಡು ಮರಳಿ ಬರಲು ಕೊಡುವ ಅನುಮತಿ) ಮಾಡಿಸಿ: ಟಿಎಂ 8 ಅರ್ಜಿ, ಒಂದು ಫೋಟೊ, ಪಾಸ್‌ಪೋರ್ಟ್ ಜೆರಾಕ್ಸ್. ಒಂದು ಸಲಕ್ಕೆ 1,000 ಬಾತ್, ಹಲವು ಸಲಕ್ಕೆ 3,800. ವರ್ಷಕ್ಕೆ ನಾಲ್ಕು ಬಾರಿ ಓಡಾಡುವವರಿಗೆ ಎರಡನೆಯದೇ ಲಾಭ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲೂ ಕೊಡುತ್ತಾರೆ. ಆದರೂ ಕೊನೇ ಗಳಿಗೆಯ ಸರದಿಗೆ ಸಿಕ್ಕಿಕೊಳ್ಳುವ ಬದಲು ನಿಮ್ಮ ಊರಿನ ಇಮಿಗ್ರೇಷನ್ ಕಚೇರಿಯಲ್ಲೇ ಮುಗಿಸಿಕೊಳ್ಳಿ.

ವಾಪಸ್ ಬರುವಾಗ, ತಲುಪುವುದಕ್ಕೆ ಮುಂಚಿನ 3 ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ತುಂಬಿ. ಕೌಂಟರಿನಲ್ಲಿ ಪರ್ಮಿಟ್ ಇರುವ ಪುಟವನ್ನೇ ತೆರೆದು ಕೊಡಿ. ಇಲ್ಲವಾದರೆ ಅಧಿಕಾರಿ ಪ್ರವಾಸಿಗರ ಮುದ್ರೆ ಒತ್ತಿಬಿಡಬಹುದು. ಹೊಸ ಮುದ್ರೆಯ ಕೊನೆಯ ತಾರೀಕು ನಿಮ್ಮ ವಿಸ್ತರಣೆಯ ತಾರೀಕೇ ಇರಬೇಕು. ಅಲ್ಲೇ ನಿಂತು ನೋಡಿ, ತಪ್ಪಿದ್ದರೆ ಆಗಲೇ ಸರಿಪಡಿಸಿಕೊಳ್ಳಿ.

ಪ್ರತಿ 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ನಿಮ್ಮ ವಿಳಾಸ ತಿಳಿಸುವ ವರದಿಯ ಲೆಕ್ಕ ಮರಳಿ ಬಂದ ದಿನದಿಂದ ಹೊಸದಾಗಿ ಶುರು. ಇನ್ನೊಂದು ಮಾತು: ಬ್ಯಾಂಕಿನಲ್ಲಿ 8 ಲಕ್ಷ ಬಾತ್ ತೋರಿಸಿ ವಿಸ್ತರಣೆ ಪಡೆದಿದ್ದರೆ, ಮಂಜೂರಾದ ಮೇಲೆ 3 ತಿಂಗಳು ಆ ಹಣ ಮುಟ್ಟಬೇಡಿ. ಆಮೇಲೂ 4 ಲಕ್ಷಕ್ಕಿಂತ ಕೆಳಗಿಳಿದರೆ ಮುಂದಿನ ವರ್ಷದ ಅರ್ಜಿಗೆ ಪೆಟ್ಟು.