ಗಾಳಿಗೆ ತಂದರೆ ಹಳದಿಯಾಗುವ ಸಸಿ: ಕೆಟ್ಟಿರುವ ಜೀನ್ ಯಾವುದು?

ಪ್ರಶ್ನೆ: ಇಎಂಎಸ್ (ಜೀನ್‌ಗಳನ್ನು ಬದಲಿಸುವ ರಾಸಾಯನಿಕ) ಉಪಚರಿಸಿದ ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದ ಎಂ2, ಅಂದರೆ ಎರಡನೇ ಪೀಳಿಗೆಯ, ಸಸಿಗಳಲ್ಲಿ ಕೆಲವು ಶೇ 1 ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಹಸಿರಾಗಿರುತ್ತವೆ. ಹೊರಗಿಟ್ಟರೆ ನಾಲ್ಕೈದು ದಿನದಲ್ಲಿ ಹಳದಿಯಾಗುತ್ತವೆ. ನೈಟ್ರೇಟ್ ಹೆಚ್ಚಿಸಿದರೂ ಪ್ರಯೋಜನವಿಲ್ಲ. ದೋಷ ಸಾರಜನಕದ ಜೀನ್‌ನಲ್ಲೇ ಇದೆಯೇ?

ಉತ್ತರ: ಇರಬಹುದು. ಆದರೆ ಎಲೆಯ ಬಣ್ಣ ನೋಡಿ ಹಾಗೆ ಹೇಳಲಾಗದು. ವಿಜ್ಞಾನಿಗಳಾದ ಸಾಮರ್‌ವಿಲ್ ಮತ್ತು ಆಗ್ರೆನ್ ಸಸಿಗಳನ್ನು ಇದೇ ರೀತಿ ಜರಡಿ ಹಿಡಿದು 1979ರಲ್ಲಿ ವರದಿ ಮಾಡಿದ್ದು ಫಾಸ್ಫೋಗ್ಲೈಕೊಲೇಟ್ ಫಾಸ್ಫಟೇಸ್ ಇಲ್ಲದ ಗಿಡವನ್ನು. ಆ ಕಿಣ್ವ ಸಾರಜನಕವನ್ನು ಮುಟ್ಟುವುದೇ ಇಲ್ಲ. ಸಾರಜನಕದ ಕೆಲಸ ಮಾಡುವ, ಗ್ಲುಟಮಿನ್‌ನಿಂದ ಗ್ಲುಟಮೇಟ್ ತಯಾರಿಸುವ ಫೆರೆಡಾಕ್ಸಿನ್ ಗೊಗ್ಯಾಟ್ ಕಿಣ್ವ ಇಲ್ಲದ ಗಿಡದ ವರದಿ ಬಂದದ್ದು ಮರುವರ್ಷ.

ನೈಟ್ರೇಟ್ ಫಲಿಸದಿರುವುದು ಸಹಜ. ದ್ಯುತಿ ಉಸಿರಾಟದಲ್ಲಿ (ಬೆಳಕಿನಲ್ಲಿ ಎಲೆ ಆಮ್ಲಜನಕ ಹಿಡಿದು ಇಂಗಾಲದ ಡೈಆಕ್ಸೈಡ್ ಬಿಡುವ ಕ್ರಿಯೆ; ಪೆಟ್ಟಿಗೆಯ ಹೆಚ್ಚು ಇಂಗಾಲದ ಡೈಆಕ್ಸೈಡ್ ಇದನ್ನು ತಡೆಯುತ್ತದೆ) ಮೈಟೊಕಾಂಡ್ರಿಯವು ಎರಡು ಗ್ಲೈಸಿನ್‌ನಿಂದ ಒಂದು ಸೆರಿನ್ ಮಾಡುವಾಗ ಒಂದು ಇಂಗಾಲದ ಡೈಆಕ್ಸೈಡ್ ಮತ್ತು ಒಂದು ಅಮೋನಿಯಾ ಹೊರಬೀಳುತ್ತವೆ. ಈ ಅಮೋನಿಯಾ ಬೇರು ತರುವ ಸಾರಜನಕಕ್ಕಿಂತ ಹಲವು ಪಟ್ಟು ಹೆಚ್ಚು. ಅದನ್ನು ಮತ್ತೆ ಹಿಡಿಯುವುದು ಕ್ಲೋರೋಪ್ಲಾಸ್ಟ್‌ನ ಜಿಎಸ್2 (ಅಮೋನಿಯಾವನ್ನು ಗ್ಲುಟಮಿನ್‌ಗೆ ಸೇರಿಸುವ ಕಿಣ್ವ) ಮತ್ತು ಫೆರೆಡಾಕ್ಸಿನ್ ಗೊಗ್ಯಾಟ್. ಇನ್ನು ನೈಟ್ರೇಟ್ ರಿಡಕ್ಟೇಸ್ ಕೆಟ್ಟಿದ್ದರೆ, ನೈಟ್ರೇಟ್ ಮಾತ್ರ ಕೊಟ್ಟ ಗಿಡ ಪೆಟ್ಟಿಗೆಯೊಳಗೂ ಹಳದಿಯೇ ಆಗಿರುತ್ತಿತ್ತು. ನಿಮ್ಮದು ಆ ಜಾತಿಯದಲ್ಲ.

ಮೊದಲು ಶೇ 2 ಆಮ್ಲಜನಕ ಮತ್ತು ಮಾಮೂಲು ಇಂಗಾಲದ ಡೈಆಕ್ಸೈಡ್‌ನಲ್ಲಿಟ್ಟು ನೋಡಿ. ಅಲ್ಲೂ ಹಸಿರು ಉಳಿದರೆ ದೋಷ ದ್ಯುತಿ ಉಸಿರಾಟದ್ದೇ. ಮಂದ ಬೆಳಕಿನಲ್ಲಿ ಈ ಪರೀಕ್ಷೆ ಮಾಡಬೇಡಿ, ದೋಷವಿದ್ದರೂ ಮರೆಯಾಗುತ್ತದೆ.

ಮುಂದಿನದು ಮುಖ್ಯ: ಎಲೆಯಲ್ಲಿ ಏನು ಶೇಖರವಾಗುತ್ತಿದೆ? ಸಸಿಗಳನ್ನು ಗಾಳಿಗೆ ತಂದು ಕೆಲವು ಗಂಟೆ ಪ್ರಖರ ಬೆಳಕಿನಲ್ಲಿಟ್ಟು, ಬೆಳಕಿನಡಿಯಲ್ಲೇ ಎಲೆ ಕತ್ತರಿಸಿ ದ್ರವ ಸಾರಜನಕಕ್ಕೆ ಹಾಕಿ. ಕತ್ತಲ ಕೋಣೆಗೆ ಒಯ್ದು ಕತ್ತರಿಸುವುದು ಸಾಮಾನ್ಯ ತಪ್ಪು. ಬೆಳಕು ಹೋದರೆ ಅಮೋನಿಯಾದ ಉತ್ಪತ್ತಿಯೂ ನಿಲ್ಲುತ್ತದೆ. ಅಮೋನಿಯಾ ಏರಿ ಗ್ಲುಟಮಿನ್ ಇಳಿದಿದ್ದರೆ ಜಿಎಸ್2 ಮೇಲೆ ಅನುಮಾನ. ಗ್ಲುಟಮಿನ್ ತುಂಬಿ ಗ್ಲುಟಮೇಟ್ ಬರಿದಾಗಿದ್ದರೆ ಗೊಗ್ಯಾಟ್, ಅಂದರೆ ಜಿಎಲ್‌ಯು1 ಜೀನ್. ಗ್ಲೈಸಿನ್ ಒಂದೇ ವಿಪರೀತ ಏರಿದ್ದರೆ ಗ್ಲೈಸಿನ್ ಡಿಕಾರ್ಬಾಕ್ಸಿಲೇಸ್ ಅಥವಾ ಎಸ್‌ಎಚ್‌ಎಂ1; ಎರಡೂ ಗ್ಲೈಸಿನ್‌ನಿಂದ ಸೆರಿನ್ ಮಾಡುವ ಹಂತದವು. ಹೋಲಿಕೆಗೆ ಮೆಥಿಯೊನಿನ್ ಸಲ್ಫಾಕ್ಸಿಮಿನ್ ಕೊಟ್ಟ ಸಾಮಾನ್ಯ ಗಿಡ ಇರಲಿ. ಅದು ಜಿಎಸ್ ತಡೆಯುವುದರಿಂದ ಅಮೋನಿಯಾ ಏರಿಕೆ ಹೇಗಿರುತ್ತದೆಂದು ತೋರಿಸುತ್ತದೆ.

ಕಿಣ್ವ ಅಳೆಯುವಾಗಲೂ ಮೋಸ ಹೋಗಬಹುದು. ಗೊಗ್ಯಾಟ್‌ಗೆ ಇಲೆಕ್ಟ್ರಾನ್ ಕೊಡಲು ಎನ್‌ಎಡಿಎಚ್ ಬಳಸಿದರೆ ನೀವು ಅಳೆಯುವುದು ಇನ್ನೊಂದು ಗೊಗ್ಯಾಟ್ ಅನ್ನು. ಡೈಥಯೊನೈಟ್‌ನಿಂದ ಅಪಕರ್ಷಿಸಿದ ಫೆರೆಡಾಕ್ಸಿನ್ ಅಥವಾ ಮೀಥೈಲ್ ವಯೊಲೊಜೆನ್ ಬೇಕು. ಜಿಎಸ್‌ನ ಒಟ್ಟು ಚಟುವಟಿಕೆಯಲ್ಲಿ ಕೋಶರಸದ ಜಿಎಸ್1 ಕೂಡ ಸೇರಿರುತ್ತದೆ, ಹಾಗಾಗಿ ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನ್‌ಗಳನ್ನು ಗಾತ್ರದಿಂದ ಬೇರ್ಪಡಿಸಿ ಗುರುತಿಸುವ ವಿಧಾನ) ಎರಡನ್ನೂ ಬೇರ್ಪಡಿಸಿ: ಜಿಎಸ್2 ಸುಮಾರು 44 ಕಿಲೋಡಾಲ್ಟನ್, ಜಿಎಸ್1 ಅದಕ್ಕಿಂತ ಚಿಕ್ಕದು. ಜಿಎಸ್1 ಇದ್ದೂ ಗಿಡವನ್ನು ಗಾಳಿಯಲ್ಲಿ ಉಳಿಸಲಾರದೆಂದು 1987ರಲ್ಲಿ ವರದಿಯಾದ, ಜಿಎಸ್2 ಇಲ್ಲದ ಬಾರ್ಲಿ ಮ್ಯೂಟಂಟ್‌ಗಳೇ (ಜೀನ್ ಕೆಟ್ಟ ಗಿಡಗಳು) ತೋರಿಸಿವೆ.

ಆಮೇಲೆ ಸಂಕರ. ಸಾಮಾನ್ಯ ಗಿಡದೊಂದಿಗೆ ಕೂಡಿಸಿದ ಎಫ್1 (ಮೊದಲ ಪೀಳಿಗೆ) ಗಾಳಿಯಲ್ಲಿ ಹಸಿರಾಗಿರಬೇಕು. ಎಫ್1 ಸ್ವಪರಾಗದಿಂದ ಕೊಟ್ಟ ಎಫ್2ರ 200 ಸಸಿಗಳಲ್ಲಿ ಸುಮಾರು 50 ಹಳದಿಯಾದರೆ ಒಂದೇ ಅಪ್ರಬಲ ಜೀನ್, ಕೈ-ವರ್ಗ (ಎಣಿಕೆ ನಿರೀಕ್ಷೆಯಿಂದ ಎಷ್ಟು ದೂರವಿದೆ ಎಂಬ ಅಳತೆ) 3.84 ದಾಟಿದರೆ ಹಸಿರು-ಹಳದಿ 3:1 ಎನ್ನಬೇಡಿ. ಹಳದಿಯಾದವನ್ನು ಸಾಯುವ ಮೊದಲೇ ಪೆಟ್ಟಿಗೆಗೆ ಮರಳಿಸಿ.

ಕೊನೆಗೆ ಗೊತ್ತಿರುವ ಜಿಎಲ್‌ಯು1 ಮ್ಯೂಟಂಟ್‌ನೊಂದಿಗೆ ಕೂಡಿಸಿ. ಎಫ್1 ಹಳದಿಯಾದರೆ ಅದೇ ಜೀನ್. ಆದರೆ ತಾಯಿಹೂವಿನ ಪರಾಗಕೋಶ ತೆಗೆಯುವುದು ತಡವಾಗಿ ಸ್ವಪರಾಗವಾಗಿದ್ದರೂ ಹಳದಿ ಸಸಿಯೇ ಬರುತ್ತದೆ. ಎಫ್1ರಲ್ಲಿ ತಂದೆಯ ಗುರುತು ಇದೆಯೇ ಎಂದು ಪಿಸಿಆರ್‌ನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಸೀಕ್ವೆನ್ಸಿಂಗ್‌ಗೆ ಕಳುಹಿಸಿ.