ಕೀಲಿಮಣೆಯಲ್ಲೇ ರೇಖಾಚಿತ್ರ: ಓದುಗರ ಪ್ರಶ್ನೆಗಳಿಗೆ ಉತ್ತರ

ನೋಟ್‌ಪ್ಯಾಡ್‌ನಲ್ಲಿ ಅಡ್ಡಗೆರೆ, ನಿಲುಗೆರೆ ಒತ್ತಿ ಚೌಕಗಳ ಚಿತ್ರ ಮಾಡಿದೆ. ಅಲ್ಲಿ ನೆಟ್ಟಗಿದ್ದದ್ದು ಇಮೇಲ್‌ಗೆ ಅಂಟಿಸಿದರೆ ಚೆಲ್ಲಾಪಿಲ್ಲಿಯಾಗುತ್ತದೆ. ಏಕೆ?
— ಡಿಪ್ಲೊಮಾ ವಿದ್ಯಾರ್ಥಿ, ಹಾಸನ

ನೋಟ್‌ಪ್ಯಾಡ್‌ನ ಕನ್ಸೋಲಾಸ್ ಫಾಂಟಿನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಇಮೇಲಿನ ಮಾಮೂಲಿ ಫಾಂಟಿನಲ್ಲಿ ನಿಲುಗೆರೆ, ಖಾಲಿ ಜಾಗ ಎರಡೂ ಕಿರಿದು, ಮೂಲೆಗಿಡುವ ಕೂಡು ಚಿಹ್ನೆ (+) ಅಗಲ. ಹಾಗಾಗಿ ಚೌಕದ ಬಲಗೋಡೆ ಸಾಲುಸಾಲಿಗೂ ಜರುಗುತ್ತದೆ. ಇಮೇಲಿನಲ್ಲಿ ಚಿತ್ರದ ಭಾಗವನ್ನಷ್ಟೇ ಆಯ್ದು ಸಮಾನ ಅಗಲದ ಫಾಂಟ್ ಕೊಡಿ. ವಾಟ್ಸ್‌ಆ್ಯಪ್ ಆದರೆ ಚಿತ್ರದ ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (`) ಹಾಕಿ.

ಟ್ಯಾಬ್ ಕೀಲಿ ಮುಟ್ಟಲೇಬೇಡಿ. ಒಂದು ತಂತ್ರಾಂಶ ಅದನ್ನು 4 ಜಾಗವೆಂದು ತೋರಿಸಿದರೆ ಇನ್ನೊಂದು 8 ಎನ್ನುತ್ತದೆ. ವರ್ಡ್‌ನಲ್ಲಿ ಬರೆಯುವವರು ತಾನಾಗಿ ತಿದ್ದುವ ಸೌಲಭ್ಯವನ್ನೂ ನಿಲ್ಲಿಸಬೇಕು. ಇಲ್ಲದಿದ್ದರೆ ಎರಡು ಹೈಫನ್ ಸೇರಿ ಒಂದು ಉದ್ದ ಗೆರೆಯಾಗಿ ಲೆಕ್ಕ ತಪ್ಪುತ್ತದೆ.

ಅಗಲವನ್ನು ಮೊದಲೇ ಎಣಿಸಿಕೊಳ್ಳಿ. ಚೌಕದೊಳಗಿನ ಪದ 8 ಅಕ್ಷರವಿದ್ದರೆ ಅತ್ತಿತ್ತ ಒಂದೊಂದು ಖಾಲಿ ಜಾಗ ಸೇರಿ 10 ಹೈಫನ್, ಎರಡು ಮೂಲೆ ಸೇರಿ 12 ಮನೆ (ಒಂದು ಅಕ್ಷರ ಹಿಡಿಯುವ ಜಾಗವೇ ಒಂದು ಮನೆ). ಇಂಟರ್ನೆಟ್ಟಿನ ನಿಯಮಗಳನ್ನು ವಿವರಿಸುವ ಆರ್‌ಎಫ್‌ಸಿ ದಾಖಲೆಗಳು ಸಾಲಿಗೆ 72 ಅಕ್ಷರದ ಮಿತಿಯಲ್ಲೇ ಬೆಳೆದವು. 1981ರ ಆರ್‌ಎಫ್‌ಸಿ 791ರಲ್ಲಿ ಐಪಿ ಹೆಡರಿನ (ಇಂಟರ್ನೆಟ್ಟಿನಲ್ಲಿ ಸಾಗುವ ದತ್ತಾಂಶದ ಕಂತೆಯ ತಲೆಭಾಗದ) ಚಿತ್ರ ನೋಡಿ: ಒಂದು ಬಿಟ್‌ಗೆ ಎರಡು ಮನೆಯಂತೆ 32 ಬಿಟ್‌ಗೆ 64, ಕೊನೆಯ ಗೋಡೆ ಸೇರಿ 65. ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಮೊಬೈಲಿನಲ್ಲಿ ಓದುವ ಚಿತ್ರವಾದರೆ 30 ಮನೆ ದಾಟದಿರುವುದು ಕ್ಷೇಮ; ದಾಟಿದರೆ ಸಾಲು ಮಡಚಿಕೊಳ್ಳುತ್ತದೆ.

ಸಮಾನ ಅಗಲದ ಫಾಂಟ್ ಹಾಕಿಯೂ, ಚೌಕದೊಳಗೆ ಕನ್ನಡ ಬರೆದೊಡನೆ ಗೋಡೆ ವಾಲುತ್ತದೆ. ಪರಿಹಾರವಿದೆಯೇ?
— ಶಿಕ್ಷಕಿ, ಧಾರವಾಡ

ಕನ್ಸೋಲಾಸ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ವಿಂಡೋಸ್ ಆ ಅಕ್ಷರಗಳನ್ನು ನಿರ್ಮಲಾದಂಥ ಬೇರೆ ಫಾಂಟಿನಿಂದ ತಂದು ತೋರಿಸುತ್ತದೆ. ಅದರಲ್ಲಿ ಅಕ್ಷರಕ್ಕೊಂದು ಅಗಲ. ಖಾಲಿ ಜಾಗ ಎಣಿಸಿ ಸರಿಪಡಿಸಲೂ ಆಗದು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ, ಯೂನಿಕೋಡ್ ಲೆಕ್ಕದಲ್ಲಿ ಆರು ಸಂಕೇತ; ಪರದೆಯ ಮೇಲೆ ಅದು ಹಿಡಿಯುವ ಜಾಗ ಈ ಎರಡೂ ಎಣಿಕೆಗೆ ಹೊಂದುವುದಿಲ್ಲ. ನಿಮ್ಮ ಯಂತ್ರದಲ್ಲಿ ಹೇಗೋ ಸರಿ ಕೂರಿಸಿದರೂ ವಿದ್ಯಾರ್ಥಿಯ ಫೋನಿನಲ್ಲಿ ಮತ್ತೆ ವಾಲುತ್ತದೆ.

ಆದ್ದರಿಂದ ಚೌಕದೊಳಗೆ ಅಂಕಿ ಮಾತ್ರ ಇಡಿ, ಕನ್ನಡವನ್ನು ಕೆಳಗೆ ಬರೆಯಿರಿ. ಮನೆಯ ನೀರಿನ ವ್ಯವಸ್ಥೆ ಹೀಗೆ:

```
+---+      +---+      +---+
| 1 |----->| 2 |----->| 3 |
+---+      +---+      +---+
```

1 = ಬೋರ್‌ವೆಲ್, 2 = ಸಂಪ್, 3 = ಓವರ್‌ಹೆಡ್ ಟ್ಯಾಂಕ್

ಚೌಕ ಬೇಡವಾದಲ್ಲಿ ಇನ್ನೊಂದು ದಾರಿಯಿದೆ: ಕನ್ನಡ ಪದ ಸಾಲಿನ ಕೊನೆಗೆ ಬರುವಂತೆ ಚಿತ್ರ ಹೂಡಿ. ಅದರ ಬಲಕ್ಕೆ ಏನೂ ಇಲ್ಲದಿದ್ದರೆ ಅಗಲ ಎಷ್ಟಾದರೂ ತೊಂದರೆಯಿಲ್ಲ. ಫೋಲ್ಡರ್ ಪಟ್ಟಿ, ವಂಶವೃಕ್ಷದಂಥ ಕವಲು ಚಿತ್ರಗಳು ಕನ್ನಡಕ್ಕೆ ಚೆನ್ನಾಗಿ ಒಗ್ಗುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ಪಾಠ ಬರೆಯುವವರು ಇವನ್ನೇ ಹೆಚ್ಚು ಬಳಸಬೇಕು.

ಸಿ ಪ್ರೋಗ್ರಾಮಿನ ಕಾಮೆಂಟಿನಲ್ಲಿ ಓರೆಗೆರೆಗಳ ಮರ ಬರೆದೆ. ಅದರ ಕೆಳಗಿನ ಸಾಲು ಕೆಲಸವನ್ನೇ ಮಾಡುತ್ತಿಲ್ಲ!
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಎರಡು ಓರೆಗೆರೆಯಿಂದ (//) ಶುರುವಾಗುವ ಕಾಮೆಂಟಿನ (ಕಂಪ್ಯೂಟರ್ ಲೆಕ್ಕಿಸದ ಟಿಪ್ಪಣಿಯ) ಸಾಲು ಹಿಂಬಾಗಿದ ಓರೆಗೆರೆಯಲ್ಲಿ (\) ಮುಗಿದರೆ, ಮುಂದಿನ ಸಾಲೂ ಕಾಮೆಂಟೇ ಆಗಿಬಿಡುತ್ತದೆ. ಸಿ ಭಾಷೆಯ ನಿಯಮವೇ ಹಾಗೆ. ಕೊನೆಗೊಂದು ಖಾಲಿ ಜಾಗ ಸೇರಿಸಿದರೆ ಸಾಲದು, ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ (ಕಂಪೈಲ್ ಮಾಡುವ) ಜಿಸಿಸಿ ತಂತ್ರಾಂಶ ಅದನ್ನೂ ಲೆಕ್ಕಿಸದೆ ಸಾಲುಗಳನ್ನು ಜೋಡಿಸುತ್ತದೆ. ಚುಕ್ಕಿಯೊಂದನ್ನು ಇಡಿ, ಇಲ್ಲವೇ ನಕ್ಷತ್ರ ಚಿಹ್ನೆಯ ಕಾಮೆಂಟ್ (/* */) ಬಳಸಿ. ಎರಡನೆಯದರಲ್ಲಿ ಚಿತ್ರದೊಳಗೆ ನಕ್ಷತ್ರದ ಪಕ್ಕದಲ್ಲೇ ಓರೆಗೆರೆ ಬರದಂತೆ ನೋಡಿಕೊಳ್ಳಿ. ಬಂದರೆ ಕಾಮೆಂಟ್ ಅಲ್ಲಿಗೇ ಮುಗಿಯುತ್ತದೆ. ಕಂಪೈಲ್ ಮಾಡುವಾಗ ಎಲ್ಲ ಎಚ್ಚರಿಕೆಗಳನ್ನೂ ಆನ್ ಮಾಡಿಟ್ಟಿದ್ದರೆ ಜಿಸಿಸಿ ಇದನ್ನು ಮೊದಲೇ ಹೇಳುತ್ತದೆ.

ಕೂಡು ಚಿಹ್ನೆ, ಹೈಫನ್ ಬದಲು ಯೂನಿಕೋಡಿನ ಚೌಕಗೆರೆಗಳನ್ನು ಬಳಸಬಹುದೇ?
— ಓದುಗ, ಉಡುಪಿ

ಬಳಸಬಹುದು. ಆ ಗುಂಪಿನಲ್ಲಿ 128 ಗೆರೆಗಳಿವೆ, ಮೂಲೆಗಳು ಬಿರುಕಿಲ್ಲದೆ ಕೂಡುತ್ತವೆ. ಸಾಲುಗಳ ನಡುವಿನ ಅಂತರ ಹೆಚ್ಚಿದ್ದರೆ ಮಾತ್ರ ನಿಲುಗೆರೆ ತುಂಡಾಗಿ ಕಾಣುತ್ತದೆ. ಆದರೆ ನಾಲ್ಕಾರು ಜನ ತಿದ್ದುವ ಕಡತಕ್ಕೆ ಕೂಡು ಚಿಹ್ನೆ, ಹೈಫನ್‌ಗಳೇ ಮೇಲು, ಏಕೆಂದರೆ ಅವು ಎಲ್ಲರ ಕೀಲಿಮಣೆಯಲ್ಲೂ ಇವೆ. ವಿಮ್ ಎಂಬ ಪಠ್ಯ ತಿದ್ದುವ ತಂತ್ರಾಂಶ ಬಳಸುವವರು ವರ್ಚುವಲ್‌ಎಡಿಟ್ ಆಯ್ಕೆಗೆ ‘ಆಲ್’ ಕೊಟ್ಟರೆ ಕರ್ಸರ್ ಖಾಲಿ ಜಾಗದಲ್ಲೂ ಓಡಾಡುತ್ತದೆ. ಅಂಥದೇ ತಂತ್ರಾಂಶ ಈಮ್ಯಾಕ್ಸ್‌ನಲ್ಲಿ ಆರ್ಟಿಸ್ಟ್ ಮೋಡ್ ಇದೆ, ಮೌಸ್ ಎಳೆದೇ ಚೌಕ ಬರೆಯಬಹುದು.